ಯಜಮಾನಿ ಒಪ್ಪಬೇಕು

"ಬಾಗಿಲು ಹಾಕಿ! ಬೇಗ ಹಾಕಿ!"

ಅವಳು ಕೂಗಿದ ರಭಸಕ್ಕೆ ಅವನು ಬೆಚ್ಚಿ, ಒಳಗೆ ಕಾಲಿಟ್ಟವನೇ ಹಿಂದಿನ ಬಾಗಿಲನ್ನು ಧಡಾರನೆ ಎಳೆದುಕೊಂಡ. ಎಳೆದ ಪೆಟ್ಟಿಗೆ ಹೊರಗಿನ ಚಿಲಕ ತಾನಾಗಿಯೇ ಬಿದ್ದುಕೊಂಡಿತು.

ಅದೇ ಗಳಿಗೆಯಲ್ಲಿ ಅವಳ ಕಾಲಸಂದಿಯಿಂದ ಏನೋ ಒಂದು ಚುಕ್ಕೆಚುಕ್ಕೆಯಾಗಿ ಹಾರಿ ಅವನ ಹೆಗಲೇರಿತು. ಅವಳ ಬೆನ್ನ ಹಿಂದಿನ ಬಾಗಿಲೂ ಟಪ್ಪನೆ ಮುಚ್ಚಿಕೊಂಡಿತು.

ಈಗ ಎರಡು ಬಾಗಿಲ ನಡುವಿನ ಆ ಬೀರುವಿನಷ್ಟು ಜಾಗದಲ್ಲಿ ಅವಳು, ಅವನು, ಅವನ ಹೆಗಲ ಮೇಲೆ ಆ ಪ್ರಾಣಿ!

"ಅಲ್ಲಾಡಬೇಡಿ," ಎಂದಳು ಅವಳು, ಉಸಿರು ಬಿಗಿಹಿಡಿದು.

"ಅಲ್ಲಾಡೋಕೆ ಜಾಗ ಎಲ್ಲಿದೆ ಮೇಡಂ? ಇದು... ಚಿರತೆ ಮರಿನಾ?"

"ಬೆಕ್ಕು."

"ಬೆಕ್ಕಿಗೆ ಇಷ್ಟೊಂದು ಚುಕ್ಕೆ ಯಾಕೆ?"

"ಇದರ ಮುತ್ತಜ್ಜಿಯ ಅಪ್ಪ ಕಾಡುಬೆಕ್ಕು. ಅವನ ಚುಕ್ಕೆ ಇದಕ್ಕೆ ಬಂದಿದೆ. ಸಿಟ್ಟು ಬಂದಿಲ್ಲ."

"ಮತ್ತೆ ಆ ಸಿಟ್ಟೆಲ್ಲ ಎಲ್ಲಿ ಹೋಯ್ತು?"

"ಮುತ್ತಜ್ಜಿ ಹತ್ರ ಇದೆ. ಒಳಗಿದ್ದಾಳೆ. ಯಜಮಾನಿ ಅಂತ ಹೆಸರು."

ಅವನು ನಕ್ಕ. ನಕ್ಕಾಗ ಮರಿ ಅವನ ಕಿವಿ ಕಚ್ಚಿತು. ಅವಳಿಗೂ ನಗು ಬಂತು. ಅವನ ಅಂಗಿಯಿಂದ ಹೊಸದಾಗಿ ಹೆರೆದ ಮರದ ವಾಸನೆ ಬರುತ್ತಿತ್ತು. ಅಷ್ಟು ಹತ್ತಿರ ನಿಂತು ಒಬ್ಬರ ಜೊತೆ ನಕ್ಕು ಎಷ್ಟು ಕಾಲವಾಗಿತ್ತೋ!

'ಇದೇನಿದು, ಎದೆ ಹೀಗೆ ಹೊಡೆದುಕೊಳ್ತಿದೆ... ಬಾಗಿಲು ಮುಚ್ಚಿದ್ದಕ್ಕೇ ಇರಬೇಕು,' ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

"ನಾನು ಬಡಗಿ. ಒಳಬಾಗಿಲಿನ ಹಿಡಿ ಕೆಟ್ಟಿದೆ ಅಂತ ಕರೆಸಿದ್ರಂತೆ."

"ಹೌದು. ಅದು ಒಳಗಡೆಯಿಂದ ಮಾತ್ರ ತೆಗೆಯುತ್ತೆ. ಈಗ ರಿಪೇರಿ ಮಾಡಿಬಿಡಿ."

"ಮಾಡ್ತೀನಿ..." ಅವನು ತಲೆ ಕೆರೆದುಕೊಂಡ. "ಆದರೆ ಸಾಮಾನಿನ ಚೀಲ ಹೊರಗಿಟ್ಟು ಬಂದೆ."

ಪೇಟೆಗೆ ಹೋಗಿದ್ದ ದೊಡ್ಡಮ್ಮ ಬಂದು ಹೊರಚಿಲಕ ತೆಗೆಯುವ ಹೊತ್ತಿಗೆ ಮರಿ ಅವನ ತಲೆಯ ಮೇಲೆ ಮಲಗಿತ್ತು. ಇಬ್ಬರ ಮುಖವೂ ಕೆಂಪಾಗಿತ್ತು.

"ಇದೇನೇ ಕಡ್ಡಿ? ಹೊಸ ಜೋಡಿ ತಂದು ಕೂಡಿಹಾಕಿದ್ದು ಯಾರು?" ಎಂದರು ದೊಡ್ಡಮ್ಮ.

*

ಸಣ್ಣಗಿದ್ದ ಕಾರಣ ಚಿಕ್ಕಂದಿನಿಂದ ಅವಳನ್ನು 'ಕಡ್ಡಿ' ಎಂದೇ ಕರೆಯುತ್ತಿದ್ದರು. ತಾಯಿ ತೀರಿಕೊಂಡ ವರ್ಷ ಅಮ್ಮನ ಅಕ್ಕನ ಈ ಮನೆಗೆ ಬಂದಳು. ಆಗಿನ್ನೂ ಬಾಯಿ ಬಿಟ್ಟು ಅಳಲೂ ಬಾರದ ಹುಡುಗಿ.

ದೊಡ್ಡಮ್ಮನ ಬದುಕು ಬೆಕ್ಕುಗಳದ್ದು. ಕಾಡುಬೆಕ್ಕಿಗೂ ಮನೆಬೆಕ್ಕಿಗೂ ಹುಟ್ಟಿದ ಸಂತತಿಯನ್ನು ಬೆಳೆಸಿ, ನಾಲ್ಕನೆಯ ತಲೆಮಾರಿನ ಮರಿಗಳನ್ನು ಮಾರುವುದು. ಬಿಸಿಲಿಗೆ ಹಿಡಿದರೆ ಅವುಗಳ ಮೈ ಚಿನ್ನದ ಪುಡಿ ಎರಚಿದ ಹಾಗೆ ಹೊಳೆಯುತ್ತಿತ್ತು. ನೀರು ಕಂಡರೆ ಬೇರೆ ಬೆಕ್ಕು ಓಡುತ್ತದೆ, ಇವು ಬಕೆಟ್ಟಿಗೇ ಇಳಿಯುತ್ತಿದ್ದವು. ಬಾಗಿಲಿನ ಉದ್ದ ಹಿಡಿಗೆ ಜೋತುಬಿದ್ದು ತೆಗೆಯುವಷ್ಟು ಬುದ್ಧಿ. ಅದಕ್ಕೇ ಆ ಮನೆಗೆ ಎರಡು ಬಾಗಿಲು. ಒಂದು ಮುಚ್ಚದೆ ಇನ್ನೊಂದನ್ನು ತೆಗೆಯುವ ಹಾಗಿಲ್ಲ.

ನಾಲ್ಕನೆಯ ತಲೆಮಾರು ಯಾರ ಮಡಿಲಲ್ಲಾದರೂ ಮಲಗುತ್ತದೆ. ಮೊದಲನೆಯದು ಹಾಗಲ್ಲ. ಅದರಲ್ಲಿ ಅರ್ಧ ಕಾಡು. ಕಣ್ಣು ಬಿಡುವ ಮೊದಲೇ ಒಬ್ಬರು ಎತ್ತಿಕೊಂಡು ಸಾಕಬೇಕು. ಆಮೇಲೆ ಅದಕ್ಕೆ ಲೋಕದಲ್ಲಿ ಆ ಒಬ್ಬರೇ.

ಹಾಗೆ ಕಣ್ಣು ಬಿಡದ ಯಜಮಾನಿಯನ್ನು ದೊಡ್ಡಮ್ಮ ತಂದು ಹಾಕಿದ್ದು ತಾಯಿಯಿಲ್ಲದ ಈ ಹುಡುಗಿಯ ಮಡಿಲಿಗೆ. "ಇದಕ್ಕೂ ಯಾರಿಲ್ಲ, ನಿನಗೂ ಯಾರಿಲ್ಲ. ಒಬ್ಬರನ್ನೊಬ್ಬರು ನೋಡ್ಕೊಳ್ಳಿ."

ನೋಡಿಕೊಂಡರು. ಎಷ್ಟರ ಮಟ್ಟಿಗೆ ಎಂದರೆ, ಯಜಮಾನಿ ಅವಳ ಕೈಯಿಂದಲ್ಲದೆ ಒಂದು ಚೂರು ಮಾಂಸ ಮುಟ್ಟಲಿಲ್ಲ. ಒಮ್ಮೆ ದೊಡ್ಡಮ್ಮ ಕೊಡಲು ಹೋಗಿ ಹೆಬ್ಬೆರಳಿಗೆ ಆಳವಾಗಿ ಕಚ್ಚಿಸಿಕೊಂಡರು. ಅವತ್ತಿನಿಂದ ಅವರು, ಹಿತ್ತಲಲ್ಲಿ ಯಜಮಾನಿಗೆಂದೇ ಕಟ್ಟಿದ್ದ ಜಾಲರಿಯ ಕೋಣೆಯೊಳಗೆ ಕಾಲಿಡಲಿಲ್ಲ.

ದೊಡ್ಡವಳಾದ ಮೇಲೆ ಅವಳು ಪಶುವೈದ್ಯರ ಸಹಾಯಕಿಯಾಗುವ ತರಬೇತಿಗೆ ಸೇರಿ ಹಾಸ್ಟೆಲಿಗೆ ಹೋದಳು. ವಾರ ತುಂಬುವ ಮೊದಲೇ ಫೋನು ಬಂತು. "ಬಂದುಬಿಡೇ ಕಡ್ಡಿ. ನೀರೂ ಮುಟ್ತಿಲ್ಲ ಇದು." ಬಂದು ನೋಡಿದರೆ ಯಜಮಾನಿಯ ಪಕ್ಕೆಲುಬು ಎಣಿಸಬಹುದಿತ್ತು.

ಅವಳು ಮತ್ತೆ ಹೋಗಲಿಲ್ಲ. ಯಾರೂ ಅವಳನ್ನು ಕಟ್ಟಿಹಾಕಲಿಲ್ಲ, ಬೀಗ ಹಾಕಲಿಲ್ಲ. ಆದರೂ ಒಂದು ರಾತ್ರಿ ಹೊರಗೆ ತಂಗುವ ಹಾಗಿಲ್ಲ. ಬೈಯೋಣವೆಂದರೆ ಬೈಯಲು ಒಬ್ಬ ಕೆಟ್ಟವರೂ ಇಲ್ಲ. ಪ್ರೀತಿಯೇ ಜಾಲರಿಯಾದಾಗ ಯಾವ ಕಡೆ ಗುದ್ದುವುದು?

*

ಹಿಡಿ ರಿಪೇರಿಗೆ ಬಂದವನಿಗೆ ದೊಡ್ಡಮ್ಮ ಕೆಲಸದ ಮೇಲೆ ಕೆಲಸ ಹೇಳಿದರು. ಜಾಲರಿಯ ಚೌಕಟ್ಟು ಕೊಳೆತಿತ್ತು, ಮರಿಗಳು ಹತ್ತುವ ಹಲಗೆ ಸಡಿಲವಾಗಿತ್ತು. ಅವನು ದಿನಾ ಬಂದ. ಹೊತ್ತು ಮುಳುಗಿದರೆ ಹಿಂದಿನ ಕೊಟ್ಟಿಗೆಯಲ್ಲೇ ಉಳಿದ. ಅವನ ಕಾರ್ಖಾನೆ ದೂರದಲ್ಲಿತ್ತು, ಎರಡು ಬಸ್ಸು ಬದಲಾಯಿಸಿ ಹೋಗಬೇಕು.

"ಜೈಲು ಗಟ್ಟಿ ಮಾಡೋಕೆ ಬಂದಿದ್ದೀರಿ," ಎಂದಳು ಅವಳು ಒಂದು ದಿನ, ಅರ್ಧ ತಮಾಷೆಗೆ.

"ಬೆಕ್ಕಿಗೋ, ನಿಮಗೋ?"

ಅವಳು ಜಾಲರಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತಳು. ಅವನು ಮೊಳೆ ಹೊಡೆಯುವುದನ್ನು ನಿಲ್ಲಿಸಿ ನೋಡಿದ. ಆಮೇಲೆ ಮೆಲ್ಲನೆ ಹೊಡೆದ, ಸದ್ದಿಗೆ ಅವಳಿಗೆ ನೋವಾದೀತೇನೋ ಎಂಬಂತೆ.

ಮಧ್ಯಾಹ್ನದ ಬುತ್ತಿಯನ್ನು ಅವನು ಯಜಮಾನಿಯ ಜಾಲರಿಗೆ ಬೆನ್ನು ಕೊಟ್ಟು ಕೂತು ತಿನ್ನುತ್ತಿದ್ದ. ತಿರುಗಿ ನೋಡುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಮೊದಲು ಮೂಲೆಯಿಂದ ಬುಸುಗುಡುತ್ತಿದ್ದವಳು ಆಮೇಲಾಮೇಲೆ ಸುಮ್ಮನಾದಳು.

"ಅದನ್ನ ಒಲಿಸಿಕೊಳ್ಳೋಕೆ ನೋಡ್ತಿದ್ದೀರಾ?"

"ಇಲ್ಲಪ್ಪ. ಅವಳ ಪಾಡಿಗೆ ಅವಳು, ನನ್ನ ಪಾಡಿಗೆ ನಾನು. ಒಲಿಸಿಕೊಳ್ಳಬೇಕಾದವರು ಬೇರೆ ಇದ್ದಾರೆ."

"ಯಾರು?"

"ಅವರೂ ಹೀಗೇ. ನೇರ ನೋಡಿದ್ರೆ ಮೂಲೆ ಸೇರ್ತಾರೆ. ಅದಕ್ಕೆ ಗೋಡೆ ನೋಡ್ಕೊಂಡು ಮಾತಾಡ್ತಿದ್ದೀನಿ."

ನಿಜವಾಗಿಯೂ ಅವನು ಗೋಡೆಯನ್ನೇ ನೋಡುತ್ತಿದ್ದ! ಅವಳ ಕೈಯಲ್ಲಿದ್ದ ತಟ್ಟೆ ಜಾರಿತು. ಠಣ್ಣೆಂದ ಸದ್ದಿಗೆ ಮನೆಯ ಬೆಕ್ಕುಗಳೆಲ್ಲ ಊಟವೆಂದು ಓಡಿಬಂದವು.

ಕೆಲಸ ಮುಗಿಯುತ್ತ ಬಂದಾಗ ಅವನು ಗೋಡೆ ಬಿಟ್ಟು ಅವಳ ಮುಖ ನೋಡಿಯೇ ಕೇಳಿದ.

"ನನ್ನ ಜೊತೆ ಬರ್ತೀರಾ? ಮದುವೆ ಮಾಡ್ಕೊಂಡು. ದೊಡ್ಡ ಮನೆ ಅಲ್ಲ. ಕಾರ್ಖಾನೆ ಮೇಲೆ ಎರಡು ರೂಮು. ಬೆಳಕು ಚೆನ್ನಾಗಿ ಬರುತ್ತೆ."

ಅವಳ ಕಣ್ಣು ತುಂಬಿತು. ಬರುತ್ತೇನೆ ಎಂಬ ಮಾತು ಗಂಟಲವರೆಗೆ ಬಂತು... ಅಲ್ಲೇ ಸಿಕ್ಕಿಕೊಂಡಿತು.

"ಆಗಲ್ಲ. ನಾನು ಹೋದ್ರೆ ಅವಳು ಸಾಯ್ತಾಳೆ. ಸುಮ್ಮನೆ ಹೇಳ್ತಿಲ್ಲ, ನೋಡಿದ್ದೀನಿ."

"ಅವಳನ್ನೂ ಕರ್ಕೊಂಡು..."

"ಈ ಜಾಲರಿ ಬಿಟ್ಟು ಬೇರೆ ಕಡೆ ಹಾಕಿದ್ರೂ ಬದುಕಲ್ಲ. ವಯಸ್ಸಾಗಿದೆ."

"ಸರಿ. ಕಾಯ್ತೀನಿ."

"ಯಾವುದಕ್ಕೆ ಕಾಯ್ತೀರಿ? ಅವಳು ಸಾಯೋದಕ್ಕಾ?" ಅವಳ ದನಿ ಏರಿತು. "ನಾನು ಹಾಗೆ ದಿನ ಎಣಿಸಬೇಕಾ? ಅವಳಿಗೆ ತುತ್ತು ಕೊಡ್ತಾ ಕೊಡ್ತಾ?"

ಜಾಲರಿಯ ಆಚೆ ಯಜಮಾನಿ ಕಿವಿ ನಿಮಿರಿಸಿ ಕೂತಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ದೊಡ್ಡಮ್ಮ ಪಾತ್ರೆ ಒರೆಸುತ್ತ ನಿಂತಿದ್ದರು. ಒರೆಸಿದ ಪಾತ್ರೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

*

ಅದಾಗಿ ಕೆಲವು ದಿನಕ್ಕೆ ದೊಡ್ಡ ಕಾರಿನಲ್ಲಿ ಒಬ್ಬ ಗಿರಾಕಿ ಬಂದ. ಅವನಿಗೆ ಮರಿ ಬೇಡವಂತೆ. ಯಜಮಾನಿಯ ಕಡೆ ಕೈ ತೋರಿಸಿದ. "ಮೊದಲನೇ ತಲೆಮಾರಿನದೇ ಬೇಕು. ತೋಟದ ಮನೆಯಲ್ಲಿ ಇಟ್ಕೊಳ್ಳೋಕೆ. ಇವಳನ್ನ ಕೊಡ್ತೀರಾ?"

ಅವಳು ಜಾಲರಿಯ ಬಾಗಿಲಿಗೆ ಅಡ್ಡ ನಿಂತಳು. ದೊಡ್ಡಮ್ಮ ಖಡಾಖಂಡಿತವಾಗಿ ಇಲ್ಲವೆನ್ನುತ್ತಾರೆ ಎಂದುಕೊಂಡಳು. ಅವರು ಮಾತ್ರ, "ನೋಡೋಣ," ಎಂದರು.

ನೋಡೋಣ!

ಅವತ್ತಿನಿಂದ ಮನೆಯಲ್ಲಿ ಒಂದೊಂದೇ ವಿಚಿತ್ರ. ಅವಳು ದಿನಾ ಹೊದೆಯುವ ಬೂದು ಶಾಲು ಕಾಣೆಯಾಯಿತು. ದೊಡ್ಡಮ್ಮ ಸೆಖೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ತಿರುಗಿದರು. "ವಯಸ್ಸಾಯ್ತು, ಚಳಿ," ಎಂದು ಮುಖ ತಿರುಗಿಸಿದರು. ಬೆಳಗಿನ ಹೊತ್ತು ಯಜಮಾನಿ ಅವಳ ಕೈಯ ಮಾಂಸವನ್ನು ಮೂಸಿ, ಅರ್ಧ ತಿಂದು ಬಿಡತೊಡಗಿದಳು.

'ಏನೋ ನಡೀತಿದೆ... ಇವಳಿಗೆ ಗೊತ್ತಾಗಿದೆ, ನನಗೆ ಮಾತ್ರ ಗೊತ್ತಾಗ್ತಿಲ್ಲ.'

ಒಂದು ಬೆಳಗ್ಗೆ ಕೊಟ್ಟಿಗೆಗೆ ಹೋದವಳು ಅದನ್ನು ನೋಡಿದಳು. ಹೊಸ ಮರದ ಪೆಟ್ಟಿಗೆ. ಯಜಮಾನಿ ಸರಿಯಾಗಿ ಹಿಡಿಸುವಷ್ಟು. ಒಂದು ಬದಿಗೆ ದುಂಡನೆಯ ತೂತು, ಗಾಳಿಗೆಂಬಂತೆ. ಆ ತೂತಿನ ಅಂಚಿಗೆ ಸಿಕ್ಕಿಕೊಂಡಿದ್ದ ಬೂದು ನೂಲು!

ಅವಳು ಆ ನೂಲನ್ನು ಬಿಡಿಸಿಕೊಂಡಳು. ತನ್ನ ಶಾಲಿನದೇ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಾರಿದ ಮರಿಯನ್ನು ಕಳಿಸುವಾಗ ಸಾಕಿದವರು ಮೈಮೇಲೆ ಹಾಕಿಕೊಂಡ ಬಟ್ಟೆಯೊಂದನ್ನು ಪೆಟ್ಟಿಗೆಯೊಳಗೆ ಹಾಸುವುದು. ಆ ವಾಸನೆಯ ಧೈರ್ಯದಲ್ಲಿ ಮರಿ ಹೊಸ ಮನೆ ಸೇರುತ್ತದೆ. ಎಷ್ಟೋ ಮರಿಗಳಿಗೆ ಅವಳೇ ಹಾಸಿದ್ದಳು. ಶಾಲಿನ ನೂಲು ಪೆಟ್ಟಿಗೆಯಲ್ಲಿದ್ದರೆ ಅದಕ್ಕೆ ಅವಳಿಗೆ ತಿಳಿದ ಅರ್ಥ ಒಂದೇ.

ಬಡಗಿ ಹಲಗೆ ಹೊತ್ತು ಬಂದ. ಅವಳು ಪೆಟ್ಟಿಗೆಯನ್ನು ಅವನ ಕಾಲಬಳಿಗೆ ತಳ್ಳಿದಳು.

"ಇದು ನೀವು ಮಾಡಿದ್ದಾ?"

ಅವನ ಮುಖ ಬಿಳಿಚಿತು. "ಹೌದು."

"ನನ್ನ ಶಾಲು ಎಲ್ಲಿ?"

"ಎಲ್ಲಿದೆ ಅಂತ ಗೊತ್ತು. ಹೇಳೋಕಾಗಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

ಅವನು ಹೊತ್ತಿದ್ದ ಹಲಗೆಯನ್ನು ಗೋಡೆಗೆ ಒರಗಿಸಿದ.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಕಾಣಲ್ಲ ಅಂದುಕೊಂಡ್ರಾ? ಅವಳು ಅಡ್ಡ ಇದ್ದಾಳೆ ಅಂದೆ. ಅದಕ್ಕೆ ಅವಳನ್ನ ಸಾಗಹಾಕೋ ಉಪಾಯ! ನನ್ನ ಮೈವಾಸನೆ ಹಾಕೇ ಮೋಸ ಮಾಡಿ..."

"ಹಾಗಲ್ಲ. ದಯವಿಟ್ಟು ಸ್ವಲ್ಪ ದಿನ..."

"ಹೋಗಿ!"

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಬೆಕ್ಕಿಗೆ ಚೆಲ್ಲಾಟ ಅಂತಾರೆ. ಇಲ್ಲಿ ಚೆಲ್ಲಾಟ ನಿಮ್ಮದು, ಪ್ರಾಣಸಂಕಟ ನಮ್ಮಿಬ್ಬರದು. ಹೋಗಿ ಇಲ್ಲಿಂದ!"

ಅವನು ಅಡುಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿದ. ಸಾಮಾನಿನ ಚೀಲ ಹೆಗಲಿಗೇರಿಸಿ, ಹೊರಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಅವಳು ದೊಡ್ಡಮ್ಮನ ಮುಂದೆ ನಿಂತಳು. "ಯಜಮಾನಿನ ಮಾರ್ತೀರಾ?"

"ಯಾರು ಹೇಳಿದ್ದು?"

"ಮಾರ್ತೀರಾ ಇಲ್ವಾ?"

"ನನ್ನ ಹೆಬ್ಬೆರಳು ತಿಂದವಳನ್ನ ಯಾರು ತಗೋತಾರೆ, ಹೋಗೇ," ಎಂದು ಅವರು ಎದ್ದುಹೋದರು. ಅದು ಉತ್ತರವೂ ಅಲ್ಲ, ತಮಾಷೆಯೂ ಅಲ್ಲ.

*

ಆಮೇಲಿನ ದಿನಗಳಲ್ಲಿ ಅವಳು ಹಗಲೆಲ್ಲ ಯಜಮಾನಿಯ ಜಾಲರಿ ಬಿಟ್ಟು ದೂರ ಹೋಗಲಿಲ್ಲ. ಯಾರು ಬಂದರೂ ಪೆಟ್ಟಿಗೆ ತಂದರೇನೋ ಎಂದು ಬೆಚ್ಚುತ್ತಿದ್ದಳು. ಬಾಗಿಲಿನ ಹೊಸ ಹಿಡಿಯ ಮೇಲೆ ಕೈಯಿಟ್ಟಾಗೆಲ್ಲ ಅವನ ಬೆರಳು ನೆನಪಾಗುತ್ತಿತ್ತು. ನುಣ್ಣಗೆ ಉಜ್ಜಿದ್ದ, ಅವಳ ಅಂಗೈಯ ಅಳತೆಗೆ.

'ಮೋಸಗಾರನ ಕೆಲಸ ಇಷ್ಟು ನುಣ್ಣಗಿರುತ್ತಾ?'

"ಮೈ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯಲ್ಲೇ," ಎಂದರು ದೊಡ್ಡಮ್ಮ. "ಹೋಗಿ ಮಾತಾಡಿಸಿ ಬಾ ಅವನನ್ನ."

"ಎಲ್ಲಿಗೆ ಹೋಗ್ಲಿ? ಇವಳಿಗೆ ಊಟ ನೀವು ಹಾಕ್ತೀರಾ?"

ಚುಚ್ಚಬೇಕೆಂದೇ ಆಡಿದ ಮಾತು. ದೊಡ್ಡಮ್ಮ ಸ್ವೆಟರಿನ ತೋಳು ಕೆಳಗೆಳೆದುಕೊಂಡು ಒಳಗೆ ಹೋದರು.

ಒಂದು ನಸುಕಿನಲ್ಲಿ ಅವಳಿಗೆ ಎಚ್ಚರವಾಯಿತು. ಹಿತ್ತಲಿನ ಕಡೆಯಿಂದ ಮೆಲ್ಲಗೆ, ಟಣ್ ಟಣ್.

ಅವಳು ಎದ್ದು ಕೂತಳು. ಅದು ಯಜಮಾನಿಯನ್ನು ಊಟಕ್ಕೆ ಕರೆಯುವ ತಟ್ಟೆಯ ಸದ್ದು. ಆ ತಟ್ಟೆ ಬಡಿಯುವವಳು ತಾನೊಬ್ಬಳೇ!

'ಬಂದರು... ತಗೊಂಡು ಹೋಗ್ತಿದ್ದಾರೆ...'

ಬರಿಗಾಲಲ್ಲಿ ಓಡಿದಳು. ಜಾಲರಿಯ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು.

ಒಳಗೆ ನೆಲದ ಮೇಲೆ ದೊಡ್ಡಮ್ಮ ಕೂತಿದ್ದರು. ಹೆಗಲ ಮೇಲೆ ಬೂದು ಶಾಲು. ಮೊಣಕಾಲಿನ ಬಳಿ ಅದೇ ಪೆಟ್ಟಿಗೆ ಮಗುಚಿತ್ತು, ಅದರ ತೂತು ಈಗ ಕಿಟಕಿಯಷ್ಟಾಗಿತ್ತು. ಚಾಚಿದ ಅಂಗೈಯಲ್ಲಿ ಮಾಂಸದ ಚೂರು. ಆ ಅಂಗೈಗೆ ಮೂತಿಯಿಟ್ಟು, ಕಿವಿ ಹಿಂದಕ್ಕೆ ಮಾಡಿ, ಯಜಮಾನಿ ತಿನ್ನುತ್ತಿದ್ದಳು.

ತಿನ್ನುತ್ತಿದ್ದಳು!

"ಸದ್ದು ಮಾಡಬೇಡ್ವೇ," ಎಂದರು ದೊಡ್ಡಮ್ಮ, ತುಟಿ ಅಲ್ಲಾಡಿಸದೆ. "ಇವತ್ತೇ ಮೊದಲು ಪೆಟ್ಟಿಗೆ ಅಡ್ಡ ಇಲ್ಲದೆ ಕೂತಿರೋದು. ನನ್ನ ಜೀವ ಕೈಯಲ್ಲಿದೆ."

ಸ್ವೆಟರಿನ ತೋಳು ಮೊಣಕೈವರೆಗೆ ಸರಿದಿತ್ತು. ಆ ಕೈ ತುಂಬ ಗೀರು. ಹಳೆಯವು, ಹೊಸವು, ಒಣಗಿದವು, ಹಸಿಯಾದವು.

"ದೊಡ್ಡಮ್ಮಾ... ಇದೇನು..."

"ಅವತ್ತು ನೀನು ಅವನಿಗೆ ಆಗಲ್ಲ ಅಂದ್ಯಲ್ಲ, ಕಿಟಕಿಯಲ್ಲಿ ನಿಂತು ಕೇಳಿಸ್ಕೊಂಡೆ. ಆಮೇಲೆ ನಾನೇ ಅವನ ಹತ್ರ ಹೋಗಿ ಅಂದೆ, ನನ್ನ ಮುಖ ಕಾಣದ ಹಾಗೆ ಕೈ ಮಾತ್ರ ತೂರಿಸೋ ಒಂದು ಪೆಟ್ಟಿಗೆ ಮಾಡಪ್ಪಾ ಅಂತ. ಒಳಗೆ ನಿನ್ನ ಶಾಲು ಹಾಸಿದೆ. ಮೊದಲು ಬೆರಳು, ಆಮೇಲೆ ಕೈ. ಅವಳು ಒಂದಿಷ್ಟು ನಂಬಿದ ಹಾಗೆಲ್ಲ ಅವನು ತೂತು ಒಂದಿಷ್ಟು ದೊಡ್ಡದು ಮಾಡಿಕೊಡ್ತಿದ್ದ. ಅವನನ್ನ ನೀನು ಓಡಿಸಿದ ಮೇಲೆ ನಾನೇ ಕೊಯ್ದೆ. ನೋಡು, ಇಲಿ ಕಡಿದ ಹಾಗಿದೆ."

"ನನಗ್ಯಾಕೆ ಹೇಳಲಿಲ್ಲ? ಅವರನ್ನ ನಾನು... ಏನೇನೋ ಅಂದೆ..."

"ಅವಳು ಒಪ್ಪದೇ ಹೋಗಿದ್ರೆ? ಆಸೆ ತೋರಿಸಿ ಕಿತ್ತುಕೊಂಡ ಹಾಗಾಗ್ತಿತ್ತು. ಒಂದು ಸಲ ಹಾಸ್ಟೆಲಿಂದ ವಾಪಸ್ ಬಂದಾಗ ನಿನ್ನ ಮುಖ ನೋಡಿದ್ದೀನಿ. ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ. ಯಜಮಾನಿ ಪೆಟ್ಟಿಗೆಯ ಮರೆ ಇಲ್ಲದೆ ನನ್ನ ಕೈಯಿಂದ ತಿನ್ನೋವರೆಗೂ ಬಾಯಿ ಬಿಡಬೇಡ ಅಂತ ಅವನ ಹತ್ರ ಮಾತು ತಗೊಂಡಿದ್ದೆ."

"ಮತ್ತೆ ಆ ಕಾರಿನವನಿಗೆ ನೋಡೋಣ ಅಂದ್ರಿ?"

"ಅದು ಅವನನ್ನ ಸಾಗಹಾಕೋ ಮಾತು ಕಣೇ. ಇಷ್ಟು ವರ್ಷ ನನ್ನ ಜೊತೆ ಇದ್ದೀಯ, ನಾನು ನೋಡೋಣ ಅಂದ ಯಾವ ಕೆಲಸ ಆಗಿದೆ ಹೇಳು?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ದೊಡ್ಡಮ್ಮ ಉಸಿರು ಬಿಗಿಹಿಡಿದು ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ಜಾರಿಸಿದರು. ಈಗ ಅಲ್ಲಿ ಅವಳ ವಾಸನೆಯ ಮರೆ ಇರಲಿಲ್ಲ. ಬರೀ ಒಬ್ಬ ಮುದುಕಿಯ ಗೀರುಬಿದ್ದ ಕೈ, ಅದರಲ್ಲಿ ಒಂದು ಚೂರು ಮಾಂಸ.

ಯಜಮಾನಿ ತಲೆಯೆತ್ತಿದಳು. ಜಾಲರಿಯ ಹೊರಗೆ ನಿಂತವಳನ್ನು ದೀರ್ಘವಾಗಿ ನೋಡಿದಳು. ಆ ಹಸಿರು ಕಣ್ಣನ್ನು ಮೊದಲು ತೆರೆದಾಗ ಕಂಡದ್ದು ಇವಳದೇ ಮುಖ. ಇವಳು ಕದಲಲಿಲ್ಲ, ಕರೆಯಲೂ ಇಲ್ಲ.

ಯಜಮಾನಿ ತಲೆ ತಗ್ಗಿಸಿ, ದೊಡ್ಡಮ್ಮನ ಕೈಯ ಚೂರನ್ನು ಬಾಯಿಗೆ ತೆಗೆದುಕೊಂಡಳು.

ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಇಳಿದ ಜಾಗ ಖಾಲಿ ಖಾಲಿಯಾಗಿ ನೋಯತೊಡಗಿತು. ನಾನಿಲ್ಲದೆಯೂ ಇವಳು ಬದುಕುತ್ತಾಳೆ ಎಂಬುದನ್ನೇ ಅವಳು ಬೇಡಿಕೊಂಡಿದ್ದಳು. ಅದು ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

"ಅಳು, ಅಳು," ಎಂದರು ದೊಡ್ಡಮ್ಮ. "ನಾನೂ ಅಳ್ತಿದ್ದೆ, ಕೈ ಖಾಲಿ ಇಲ್ಲ. ಮೊದಲನೇ ತಲೆಮಾರು ಅಂಜುತ್ತೆ ಅಂತ ಇವಳನ್ನ ಆಡ್ಕೊಳ್ತೀವಿ. ನಾನೂ ಆ ತಲೆಮಾರಿನವಳೇ. ನೀನು ಹೊರಟುಹೋದ್ರೆ ಅಂತ ಇವಳಿಗಿಂತ ನನಗೇ ಜಾಸ್ತಿ ಹೆದರಿಕೆ ಇತ್ತು. ಈಗ ನಾವಿಬ್ಬರೂ ಒಬ್ಬರಿಗೊಬ್ಬರು ಸಿಕ್ಕಿದ್ದೀವಿ. ನೀನು ಹೊರಡು, ಬಸ್ಸು ತಪ್ಪುತ್ತೆ."

*

ಎರಡನೆಯ ಬಸ್ಸಿಳಿದು ಕೇಳಿಕೊಂಡು ಹೋದಾಗ ಬೀದಿಯ ಕೊನೆಯಲ್ಲಿ ಗರಗಸದ ಸದ್ದು ಕೇಳಿಸಿತು. ತೆರೆದ ಬಾಗಿಲು. ಒಳಗೆ ಬಿಸಿಲು, ಬಿಸಿಲಿನಲ್ಲಿ ಹಾರುವ ಮರದ ಪುಡಿ. ಅವನು ಬೆನ್ನು ಹಾಕಿ ನಿಂತಿದ್ದ.

ಅವಳು ಹೊಸಿಲು ದಾಟಿದವಳು ಅಲ್ಲೇ ನಿಂತಳು. ಕಾಲು ಮುಂದೆ ಬರಲೊಲ್ಲದು.

ಅವನು ತಿರುಗಿದ. ಗರಗಸ ಕೈಯಲ್ಲೇ ಉಳಿಯಿತು.

"ನೀವು... ಯಜಮಾನಿ ಹೇಗಿದ್ದಾಳೆ? ಊಟ?"

ಅಷ್ಟು ಬೈಸಿಕೊಂಡವನ ಮೊದಲ ಪ್ರಶ್ನೆ ಅದು!

"ತಿಂದಳು. ದೊಡ್ಡಮ್ಮನ ಕೈಯಿಂದ. ಶಾಲು ಇಲ್ಲದೆ."

ಅವನು ಕಣ್ಣು ಮುಚ್ಚಿ ದೊಡ್ಡದೊಂದು ಉಸಿರು ಬಿಟ್ಟ.

"ನನ್ನನ್ನ ಕ್ಷಮಿಸ್ತೀರಾ? ನಾನು ಕೇಳಲೂ ಇಲ್ಲ, ನಂಬಲೂ ಇಲ್ಲ."

"ಹೇಳದೇ ಇದ್ದವನು ನಾನು. ಕೋಪ ಬಂತು ನನಗೂ, ಸುಳ್ಳು ಹೇಳಲ್ಲ. ಬಸ್ಸಲ್ಲಿ ಕೂತು ಯೋಚನೆ ಮಾಡಿದೆ. ತನ್ನ ಬೆಕ್ಕಿಗೋಸ್ಕರ ನನ್ನಂಥವನನ್ನ ಹೊರಗೆ ಹಾಕಿದವರು, ನಾಳೆ ನನಗೋಸ್ಕರ ಯಾರನ್ನ ಬೇಕಾದ್ರೂ ಹೊರಗೆ ಹಾಕ್ತಾರೆ ಅಂದ್ಕೊಂಡೆ. ಸಮಾಧಾನ ಆಯ್ತು."

ಅವಳು ಕಣ್ಣೊರೆಸಿಕೊಂಡು ನಕ್ಕಳು. ಆದರೂ ಅಲ್ಲೇ ನಿಂತಿದ್ದಳು, ಹೊಸಿಲಿಗೆ ಅಂಟಿದ ಹಾಗೆ.

"ಯಾಕೆ ಅಲ್ಲೇ ನಿಂತ್ರಿ? ಒಳಗೆ ಬನ್ನಿ."

"ಹಿಂದಿನದು ಮುಚ್ಚದೆ ಮುಂದಿನದು ತೆಗೆಯೋ ಹಾಗಿಲ್ಲ ಅಲ್ವಾ... ಅಭ್ಯಾಸ. ಇನ್ನೊಂದು ಬಾಗಿಲು ಎಲ್ಲಿ ಅಂತ ನೋಡ್ತಿದ್ದೆ."

ಅವನು ಗರಗಸ ಕೆಳಗಿಟ್ಟು ಹತ್ತಿರ ಬಂದ. ಅಂಗಿಯಿಂದ ಅದೇ ವಾಸನೆ, ಹೊಸದಾಗಿ ಹೆರೆದ ಮರದ್ದು.

"ಇಲ್ಲಿ ಇರೋದು ಒಂದೇ ಬಾಗಿಲು ರೀ. ಹಾಕ್ಲಾ?"

ಅವಳು ಅವನ ಕೈ ಹಿಡಿದುಕೊಂಡಳು.

"ಬೇಡ. ತೆರೆದೇ ಇರ್ಲಿ. ನಾನೆಲ್ಲೂ ಹೋಗಲ್ಲ."